ಕಣ್ಣಿನೊಳಗಣ ಕತ್ತಲೆಯನ್ನು ಕಳೆದವನು: ಹರ್ಮನ್ ಹೆಲ್ಮ್‌ಹೋಲ್ಟ್ಸ್

ಇಂದ್ರಿಯಗಳಲ್ಲೆಲ್ಲ ಕಣ್ಣೇ ಪ್ರಧಾನವಾದುದೆಂದು ನಮ್ಮ ಹಿರಿಯರು ಬಗೆದಿದ್ದಾರೆ. ಆದರೆ ಜಗತ್ತನ್ನೆಲ್ಲ ನಮಗೆ ಕಾಣಿಸುವ ಆ ಕಣ್ಣಿನ ಒಳಭಾಗವು ಹೇಗಿದೆಯೆಂಬುದನ್ನು ಮಾತ್ರ ಮನುಷ್ಯನು ಬಹುಕಾಲದವರೆಗೆ ಕಾಣಲಾರದೆ ಇದ್ದನು. ಬದುಕಿರುವ ಮನುಷ್ಯನ ಪಾಪೆಯೊಳಗೆ ಇಣಿಕಿ ನೋಡಿದವರಿಗೆ ಕಂಡುದು ಬರಿಯ ಕತ್ತಲೆ. ಸತ್ತವರ ಕಣ್ಣನ್ನು ಸೀಳಿ ನೋಡಿ ವೈದ್ಯರು ಅದರ ರಚನೆಯನ್ನು ತಿಳಿದಿದ್ದರು, ನಿಜ. ಆದರೆ ಕುಳಿತು ಮಾತನಾಡುತ್ತಿರುವ ರೋಗಿಯ ಕಣ್ಣಿನ ಆಳದಲ್ಲಿ ಏನು ನಡೆದಿದೆಯೆಂಬುದು ಅವರಿಗೆ ಒಗಟಾಗಿಯೇ ಉಳಿದಿತ್ತು. ಆ ಕತ್ತಲೆಯನ್ನು ಕಳೆದವನು ಜರ್ಮನಿಯ ವಿಜ್ಞಾನಿ ಹರ್ಮನ್ ಹೆಲ್ಮ್‌ಹೋಲ್ಟ್ಸ್.

ಈ ಮಹನೀಯನ ಕಥೆಯನ್ನು ಹೇಳುವ ಮೊದಲು ವಾಚಕರನ್ನು ಒಂದು ಗಳಿಗೆ ನಮ್ಮ ಸ್ವಾರಗೇಟ ಬಸ್ ನಿಲ್ದಾಣಕ್ಕೆ ಕರೆದೊಯ್ಯಬೇಕಾಗಿದೆ. ಸೋಲಾಪುರದ ಕಡೆಗೆ, ಕೊಲ್ಲಾಪುರದ ಕಡೆಗೆ, ನಮ್ಮ ಕನ್ನಡ ನಾಡಿನ ಕಡೆಗೆ ಹೊರಡುವ ಬಸ್ಸುಗಳು ಅಲ್ಲಿ ಸಾಲುಗಟ್ಟಿ ನಿಂತಿರುತ್ತವೆ. ತಾಯಿಯ ಕೈ ಹಿಡಿದು ಬಂದ ಹುಡುಗನೊಬ್ಬನು ಬಸ್ಸಿನ ಹಣೆಯ ಮೇಲಿನ ಫಲಕವನ್ನು ಕಣ್ಣು ಕಿರಿದು ಮಾಡಿ ನೋಡುತ್ತಾನೆ. ಅಕ್ಷರಗಳು ಮಂಜಿನಲ್ಲಿ ಮುಳುಗಿದಂತೆ ಕಾಣುತ್ತವೆ. ಬಸ್ಸು ಮಾರುದೂರಕ್ಕೆ ಬಂದ ಮೇಲೆಯೇ ಅವನು ಊರಿನ ಹೆಸರನ್ನು ಓದಬಲ್ಲನು. ಇದೇ ಹುಡುಗನು ತರಗತಿಯಲ್ಲಿ ಹಿಂದಿನ ಬೆಂಚಿನ ಮೇಲೆ ಕುಳಿತು ಕರಿಹಲಗೆಯ ಲೆಕ್ಕವನ್ನು ತಪ್ಪಾಗಿ ಬರೆದುಕೊಂಡು, ದಡ್ಡನೆಂಬ ಹೆಸರನ್ನು ಹೊರುವುದೂ ಉಂಟು. ಪುಸ್ತಕವನ್ನು ಮೂಗಿಗೆ ಹತ್ತಿರ ಹಿಡಿದರೆ ಅವನ ಓದಿನಲ್ಲಿ ಒಂದು ಅಕ್ಷರವೂ ತಪ್ಪುವುದಿಲ್ಲ. ಅವನಿಗಿರುವುದು ಬುದ್ಧಿಯ ದೋಷವಲ್ಲ, ಸಮೀಪದೃಷ್ಟಿಯೆಂಬ ಕಣ್ಣಿನ ದೋಷ. ತನಗೆ ಕಾಣುವುದೇ ಎಲ್ಲರಿಗೂ ಕಾಣುವುದೆಂದು ನಂಬಿರುವ ಮಗುವು ತನ್ನ ಕೊರತೆಯನ್ನು ಬಾಯಿಬಿಟ್ಟು ಹೇಳಲಾರದು. ಮಗುವು ಒಂದು ಮಾತನ್ನೂ ಆಡದಿದ್ದರೂ ಅದರ ಕಣ್ಣಿನ ದೋಷವನ್ನು ಅಳೆದು ಹೇಳುವ ವಿದ್ಯೆಗೆ ಅಡಿಗಲ್ಲನ್ನಿಟ್ಟವನೇ ಹೆಲ್ಮ್‌ಹೋಲ್ಟ್ಸ್.

ಬರ್ಲಿನ್ ನಗರದ ಸಮೀಪದಲ್ಲಿರುವ ಪಾಟ್ಸ್‌ಡಾಮ್ ಎಂಬ ಊರಿನಲ್ಲಿ ೧೮೨೧ನೆಯ ಇಸವಿಯ ಆಗಸ್ಟ್ ೩೧ರಂದು ಹರ್ಮನ್ನನು ಹುಟ್ಟಿದನು. ತಂದೆ ಫರ್ಡಿನೆಂಡ್ ಹೆಲ್ಮ್‌ಹೋಲ್ಟ್ಸನು ಅಲ್ಲಿಯ ಪ್ರೌಢಶಾಲೆಯ ಉಪಾಧ್ಯಾಯ. ಭಾಷೆ, ಸಾಹಿತ್ಯ, ತತ್ತ್ವಶಾಸ್ತ್ರಗಳಲ್ಲಿ ಆಸಕ್ತನಾದ ಸಜ್ಜನ. ವಿದ್ಯೆಗೆ ಮನೆಯಲ್ಲಿ ಬರವಿರಲಿಲ್ಲ. ಹಣಕ್ಕೆ ಮಾತ್ರ ಬರವಿತ್ತು. ಹರ್ಮನ್ನನು ಬಾಲ್ಯದಲ್ಲಿ ಬಹು ದುರ್ಬಲನಾಗಿದ್ದನು. ಮೊದಲ ಏಳು ವರ್ಷಗಳಲ್ಲಿ ಹೆಚ್ಚು ಕಾಲವನ್ನು ಅವನು ಕೋಣೆಯಲ್ಲಿಯೇ, ಹಲವು ವೇಳೆ ಹಾಸಿಗೆಯ ಮೇಲೆಯೇ ಕಳೆಯಬೇಕಾಯಿತು. ಮರದ ತುಂಡುಗಳೇ ಅವನ ಆಟದ ಸಂಗಾತಿಗಳು. ಅವುಗಳನ್ನು ಜೋಡಿಸಿ ಕೆಡವಿ ಆಡುತ್ತಲೇ ಅವನು ರೇಖಾಗಣಿತದ ತತ್ತ್ವಗಳನ್ನು ತಿಳಿಯದೆಯೇ ಕಲಿತುಬಿಟ್ಟಿದ್ದನು. ಮುಂದೆ ಶಾಲೆಯಲ್ಲಿ ಆ ವಿಷಯವು ಬಂದಾಗ ಉಪಾಧ್ಯಾಯರೇ ಬೆರಗಾಗುವಂತಾಯಿತು.

ಆದರೆ ಅವನು ಎಲ್ಲ ವಿಷಯಗಳಲ್ಲಿಯೂ ಮುಂದಾಗಿದ್ದನೆಂದು ತಿಳಿಯಬಾರದು. ಎಡಗೈ ಯಾವುದು, ಬಲಗೈ ಯಾವುದು ಎಂಬುದನ್ನು ಗುರುತಿಸುವುದೂ ಅವನಿಗೆ ಕಷ್ಟವಾಗುತ್ತಿತ್ತು. ಒಂದಕ್ಕೊಂದು ಸಂಬಂಧವಿಲ್ಲದ ಸಂಗತಿಗಳನ್ನು ಬಾಯಿಪಾಠ ಮಾಡುವುದು ಅವನ ಪಾಲಿಗೆ ಶಿಕ್ಷೆಯಾಗಿತ್ತು. ವ್ಯಾಕರಣದ ಅಪವಾದಗಳೂ ಇತಿಹಾಸದ ಇಸವಿಗಳೂ ಅವನ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ತರಗತಿಯಲ್ಲಿ ಲ್ಯಾಟಿನ್ ಪಾಠವು ನಡೆಯುತ್ತಿರುವಾಗ ಅವನು ಮೇಜಿನ ಕೆಳಗೆ ಕಾಗದವನ್ನಿಟ್ಟುಕೊಂಡು ದೂರದರ್ಶಕದಲ್ಲಿ ಬೆಳಕಿನ ಕಿರಣಗಳು ಹೇಗೆ ಸಾಗುತ್ತವೆಯೆಂಬ ಲೆಕ್ಕವನ್ನು ಬಿಡಿಸುತ್ತಿದ್ದನು. ಇದನ್ನು ನಮ್ಮ ವಿದ್ಯಾರ್ಥಿಗಳು ಅನುಕರಿಸಬೇಕೆಂದು ಹೇಳುತ್ತಿಲ್ಲ. ಆದರೆ ಮೇಜಿನ ಕೆಳಗಿನ ಆ ಲೆಕ್ಕವೇ ಮುಂದೆ ಲೋಕಕ್ಕೆ ಬೆಳಕಾಯಿತೆಂಬುದನ್ನು ಮರೆಯಲಾಗದು.

ಭೌತಶಾಸ್ತ್ರವನ್ನು ಓದಬೇಕೆಂಬುದು ಹರ್ಮನ್ನನ ಆಸೆ. ಆದರೆ ಆ ವಿದ್ಯೆಯಿಂದ ಅನ್ನ ದೊರೆಯುವ ಕಾಲವು ಅದಾಗಿರಲಿಲ್ಲ. ಮಕ್ಕಳ ಹೊರೆಯಿದ್ದ ತಂದೆಯು ಮಗನಿಗೆ ಒಂದು ದಾರಿಯನ್ನು ತೋರಿಸಿದನು. ಬರ್ಲಿನ್ನಿನಲ್ಲಿದ್ದ ಸೈನ್ಯದ ವೈದ್ಯಕೀಯ ಸಂಸ್ಥೆಯಲ್ಲಿ ಶುಲ್ಕವಿಲ್ಲದೆ ವಿದ್ಯೆ ಸಿಗುತ್ತಿತ್ತು. ಅದಕ್ಕೆ ಪ್ರತಿಯಾಗಿ ಎಂಟು ವರ್ಷ ಸೈನ್ಯದಲ್ಲಿ ವೈದ್ಯನಾಗಿ ದುಡಿಯಬೇಕು. ೧೮೩೮ರಲ್ಲಿ ಹದಿನೇಳು ವಯಸ್ಸಿನ ಹರ್ಮನ್ನನು ಮನಸ್ಸಿನ ಆಸೆಯನ್ನು ಮಡಿಸಿಟ್ಟು ವೈದ್ಯವಿದ್ಯಾರ್ಥಿಯಾದನು. ಬಡತನವು ಅವನನ್ನು ತಡೆಯಿತೆಂದು ಆಗ ಯಾರಾದರೂ ಮರುಗಿದ್ದರೆ ಆಶ್ಚರ್ಯವಿಲ್ಲ. ಆದರೆ ಭೌತಶಾಸ್ತ್ರವನ್ನು ಬಲ್ಲ ವೈದ್ಯನಿಗೆ ಮಾತ್ರ ಹೊಳೆಯಬಹುದಾದ ವಿಷಯಗಳು ಅವನಿಗಾಗಿ ಕಾದಿದ್ದವು. ೧೮೪೧ರಲ್ಲಿ ಅವನು ವಿಷಮಶೀತ ಜ್ವರದಿಂದ ಮಲಗಿದನು. ವಿದ್ಯಾರ್ಥಿಯಾದುದರಿಂದ ಆಸ್ಪತ್ರೆಯಲ್ಲಿ ಖರ್ಚಿಲ್ಲದೆ ಚಿಕಿತ್ಸೆಯಾಯಿತು. ಆ ದಿನಗಳಲ್ಲಿ ಉಳಿದ ಅಲ್ಪ ಭತ್ಯದ ಹಣವನ್ನು ಕೂಡಿಸಿ, ಗುಣವಾಗಿ ಎದ್ದ ಮೇಲೆ ಒಂದು ಸೂಕ್ಷ್ಮದರ್ಶಕವನ್ನು ಕೊಂಡನು. ಅದರ ಸಹಾಯದಿಂದಲೇ ನರತಂತುಗಳನ್ನು ಪರೀಕ್ಷಿಸಿ ೧೮೪೨ರಲ್ಲಿ ವೈದ್ಯ ಪದವಿಯ ಪ್ರಬಂಧವನ್ನು ಬರೆದನು. ಜ್ವರವೂ ಒಂದು ವರವಾದುದನ್ನು ಇಲ್ಲಿ ಕಾಣುತ್ತೇವೆ.

ಮುಂದೆ ಪಾಟ್ಸ್‌ಡಾಮಿನ ದಂಡಿನಲ್ಲಿ ವೈದ್ಯನಾಗಿದ್ದಾಗ ಅವನು ಸೈನಿಕರ ನಿವಾಸದಲ್ಲಿಯೇ ಒಂದು ಚಿಕ್ಕ ಪ್ರಯೋಗಶಾಲೆಯನ್ನು ಕಟ್ಟಿಕೊಂಡನು. ಬೆಳಗಿನ ಜಾವ ಕಹಳೆಯ ಕೂಗಿಗೆ ಎದ್ದು, ಕರ್ತವ್ಯವನ್ನು ಮುಗಿಸಿ, ಉಳಿದ ವೇಳೆಯಲ್ಲಿ ಚಿಂತನೆಯನ್ನು ನಡೆಸಿದನು. ಶಕ್ತಿಯು ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಮಾರ್ಪಡುವುದೇ ಹೊರತು ನಾಶವಾಗುವುದಿಲ್ಲ, ಹೊಸದಾಗಿ ಹುಟ್ಟುವುದೂ ಇಲ್ಲ ಎಂಬ ಮಹಾತತ್ತ್ವವನ್ನು ೧೮೪೭ರಲ್ಲಿ ಗಣಿತದ ಆಧಾರದಿಂದ ಪ್ರತಿಪಾದಿಸಿದನು. ಇಂಗ್ಲೆಂಡಿನ ಜೂಲ್, ಜರ್ಮನಿಯ ಮೇಯರ್ ಇವರೂ ಅದೇ ದಾರಿಯಲ್ಲಿ ನಡೆದವರೇ. ಆಗಿನ ಪ್ರಮುಖ ಪತ್ರಿಕೆಯ ಸಂಪಾದಕನು ಈ ತರುಣ ದಂಡಿನ ವೈದ್ಯನ ಲೇಖನವನ್ನು ಪ್ರಕಟಿಸಲು ಒಪ್ಪಲಿಲ್ಲ. ಹೆಲ್ಮ್‌ಹೋಲ್ಟ್ಸನು ಎದೆಗುಂದದೆ ಅದನ್ನು ಬೇರೆ ಕಿರುಹೊತ್ತಗೆಯಾಗಿ ಹೊರತಂದನು. ಇಂದು ಪ್ರಪಂಚದ ಎಲ್ಲ ಶಾಲೆಗಳಲ್ಲಿ ಆ ತತ್ತ್ವವನ್ನು ಕಲಿಸುತ್ತಾರೆ. ಮರುವರ್ಷವೇ, ಪ್ರಸಿದ್ಧ ಪಂಡಿತ ಹಂಬೋಲ್ಟನ ಬೆಂಬಲದಿಂದ, ಉಳಿದ ವರ್ಷಗಳ ಸೈನ್ಯಸೇವೆಯಿಂದ ಅವನಿಗೆ ಬಿಡುಗಡೆ ದೊರೆಯಿತು.

೧೮೪೯ರಲ್ಲಿ ಕೋನಿಗ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಶರೀರಶಾಸ್ತ್ರದ ಪ್ರಾಧ್ಯಾಪಕನಾಗಿ ನೇಮಕಗೊಂಡು, ಓಲ್ಗಾ ಎಂಬ ಕನ್ಯೆಯನ್ನು ಮದುವೆಯಾಗಿ ಅಲ್ಲಿಗೆ ಹೋದನು. ಅಲ್ಲಿ ಕಪ್ಪೆಯ ನರದಲ್ಲಿ ಸಂವೇದನೆಯು ಸಾಗುವ ವೇಗವನ್ನು ಮೊಟ್ಟಮೊದಲು ಅಳೆದನು. ಅದು ಸೆಕೆಂಡಿಗೆ ಸುಮಾರು ೨೭ ಮೀಟರು ಎಂದು ಕಂಡಿತು. ಅಳೆಯಲಾಗದ್ದೆಂದು ಅವನ ಗುರುವೇ ಬಗೆದಿದ್ದ ವೇಗವದು! ಬದುಕಿರುವ ದೇಹವನ್ನು ಅಳತೆಗೋಲಿಗೆ ಒಳಪಡಿಸಬಹುದೆಂಬ ಧೈರ್ಯವು ಹೆಲ್ಮ್‌ಹೋಲ್ಟ್ಸನಿಗೆ ಬಂದುದು ಇಲ್ಲಿಂದ.

ಈಗ ನಮ್ಮ ಮುಖ್ಯ ವಿಷಯಕ್ಕೆ ಬರೋಣ. ೧೮೫೦ರ ಚಳಿಗಾಲದಲ್ಲಿ ಹೆಲ್ಮ್‌ಹೋಲ್ಟ್ಸನು ಒಂದು ಪಾಠವನ್ನು ಸಿದ್ಧಪಡಿಸುತ್ತಿದ್ದನು. ಕೆಲವು ಸಂದರ್ಭಗಳಲ್ಲಿ ಪ್ರಾಣಿಗಳ ಕಣ್ಣೂ ಮನುಷ್ಯರ ಕಣ್ಣೂ ಹೊಳೆಯುವುದೇಕೆ ಎಂಬುದನ್ನು ವಿದ್ಯಾರ್ಥಿಗಳಿಗೆ ವಿವರಿಸಬೇಕಾಗಿತ್ತು. ಅವನ ಗೆಳೆಯ ಬ್ರೂಕೆ ಎಂಬುವನು ಇದನ್ನು ಮೊದಲೇ ಪರೀಕ್ಷಿಸಿದ್ದನು. ಆದರೆ ಕಣ್ಣಿನಿಂದ ಹೊರಬರುವ ಬೆಳಕು ಎಂತಹ ಬಿಂಬವನ್ನು ಉಂಟುಮಾಡುವುದೆಂಬ ಪ್ರಶ್ನೆಯನ್ನು ಅವನು ಕೇಳಿಕೊಂಡಿರಲಿಲ್ಲ. ಹೆಲ್ಮ್‌ಹೋಲ್ಟ್ಸನು ಆ ಪ್ರಶ್ನೆಯನ್ನು ಕೇಳಿಕೊಂಡನು. ಉತ್ತರವು ಕೂಡಲೇ ಹೊಳೆಯಿತು.

ಪಾಪೆಯು ಕಪ್ಪಾಗಿ ಕಾಣುವುದಕ್ಕೆ ಕಾರಣವಿಷ್ಟೇ. ದೀಪದಿಂದ ಕಣ್ಣಿನೊಳಗೆ ಹೋದ ಬೆಳಕು, ಬಂದ ದಾರಿಯಿಂದಲೇ ಹಿಂದಿರುಗಿ ದೀಪವನ್ನೇ ಸೇರುತ್ತದೆ. ಅದನ್ನು ನೋಡಬೇಕಾದರೆ ನೋಡುವವನು ದೀಪದ ಸ್ಥಾನದಲ್ಲಿಯೇ ತನ್ನ ಕಣ್ಣನ್ನಿಡಬೇಕು. ಹಾಗೆ ಇಟ್ಟರೆ ಅವನ ತಲೆಯೇ ಬೆಳಕಿಗೆ ಅಡ್ಡವಾಗುತ್ತದೆ. ಹೆಲ್ಮ್‌ಹೋಲ್ಟ್ಸನು ಒಂದು ಗಾಜಿನ ತಗಡನ್ನು ಓರೆಯಾಗಿ ಹಿಡಿದನು. ಪಕ್ಕದಲ್ಲಿಟ್ಟ ದೀಪದ ಬೆಳಕು ಗಾಜಿನಿಂದ ಪ್ರತಿಫಲಿಸಿ ರೋಗಿಯ ಕಣ್ಣಿನೊಳಗೆ ಹೋಗುವುದು. ಹಿಂದಿರುಗಿದ ಬೆಳಕಿನ ಒಂದು ಭಾಗವು ಅದೇ ಗಾಜನ್ನು ದಾಟಿ ನೋಡುವವನ ಕಣ್ಣನ್ನು ಸೇರುವುದು. ರಟ್ಟು, ಕನ್ನಡಕದ ಗಾಜು, ಸೂಕ್ಷ್ಮದರ್ಶಕದಲ್ಲಿ ಬಳಸುವ ತೆಳುಗಾಜು, ಇಷ್ಟನ್ನೇ ಅಂಟಿಸಿ ಅವನು ಮೊದಲ ಉಪಕರಣವನ್ನು ಮಾಡಿದನು. ಸುಮಾರು ಎಂಟು ದಿನಗಳ ಪ್ರಯಾಸದ ಬಳಿಕ, ಬದುಕಿರುವ ಮನುಷ್ಯನ ಅಕ್ಷಿಪಟಲವೂ ಅದರ ಮೇಲೆ ಹರಡಿದ ಕೆಂಪು ರಕ್ತನಾಳಗಳೂ ಅವನಿಗೆ ಸ್ಪಷ್ಟವಾಗಿ ಕಂಡವು. ಈ ಶೋಧಕ್ಕೆ ತಾನು ಪ್ರೌಢಶಾಲೆಯಲ್ಲಿ ಕಲಿತ ಬೆಳಕಿನ ಪಾಠಕ್ಕಿಂತ ಹೆಚ್ಚಿನ ವಿದ್ಯೆಯೇನೂ ಬೇಕಾಗಲಿಲ್ಲವೆಂದು ಅವನು ತಂದೆಗೆ ಬರೆದು ತಿಳಿಸಿದನು. ಶಾಲೆಯ ಪಾಠವು ಬದುಕಿನಲ್ಲಿ ಯಾವ ಉಪಯೋಗಕ್ಕೆ ಬರುವುದೆಂದು ಕೇಳುವವರು ಈ ಮಾತನ್ನು ಮನನ ಮಾಡಬೇಕು.

೧೮೫೦ರ ಡಿಸೆಂಬರಿನಲ್ಲಿ ಈ ನೇತ್ರದರ್ಶಕದ ಸುದ್ದಿಯು ಬರ್ಲಿನ್ನಿನ ಭೌತವಿಜ್ಞಾನ ಸಂಘವನ್ನು ಮುಟ್ಟಿತು. ೧೮೫೧ರಲ್ಲಿ ಅದರ ವಿವರಣೆಯು ಪುಸ್ತಕವಾಗಿ ಹೊರಬಂದಿತು. ಎಲ್ಲರೂ ಕೂಡಲೇ ಇದನ್ನು ಸ್ವಾಗತಿಸಿದರೆಂದಲ್ಲ. ರೋಗಪೀಡಿತವಾದ ಕಣ್ಣಿನೊಳಗೆ ಬೆಳಕನ್ನು ಬಿಡುವುದು ಅಪಾಯಕರವೆಂದು ಒಬ್ಬ ವೈದ್ಯನು ಹೆದರಿದನು. ಇಂತಹ ಉಪಕರಣವು ಕಣ್ಣು ಮಂದವಾದ ವೈದ್ಯರಿಗೆ ಬೇಕಾಗಬಹುದು, ತನ್ನ ಕಣ್ಣು ಚೆನ್ನಾಗಿದೆ ಎಂದು ಇನ್ನೊಬ್ಬನು ಅದನ್ನು ಬದಿಗೆ ಸರಿಸಿದನು! ಆದರೆ ಬರ್ಲಿನ್ನಿನ ತರುಣ ನೇತ್ರವೈದ್ಯ ಗ್ರೇಫೆ, ಹಾಲೆಂಡಿನ ಡೊಂಡರ್ಸ್ ಮೊದಲಾದವರು ಅದನ್ನು ಸಂತೋಷದಿಂದ ಬರಮಾಡಿಕೊಂಡರು. ಅಲ್ಲಿಂದ ಮುಂದೆ ನೇತ್ರವೈದ್ಯವು ಹೊಸ ಶಾಸ್ತ್ರವಾಗಿ ಬೆಳೆಯಿತು.

ನೇತ್ರದರ್ಶಕದಿಂದ ಇನ್ನೊಂದು ಮಹತ್ತಾದ ಪ್ರಯೋಜನವೂ ಒದಗಿತು. ರೋಗಿಯ ಅಕ್ಷಿಪಟಲವು ಸ್ಪಷ್ಟವಾಗಿ ಕಾಣಬೇಕಾದರೆ ನಡುವೆ ತಕ್ಕ ಮಸೂರವನ್ನಿಡಬೇಕಾಗುತ್ತದೆ. ರೋಗಿಗೆ ಸಮೀಪದೃಷ್ಟಿಯಿದ್ದರೆ ಹೆಚ್ಚು ಬಲವುಳ್ಳ ತಗ್ಗುಮಸೂರ ಬೇಕು. ಆದುದರಿಂದ ಯಾವ ಮಸೂರದಿಂದ ಚಿತ್ರವು ತಿಳಿಯಾಯಿತೋ ಅದೇ ಆ ಕಣ್ಣಿನ ದೋಷದ ಅಳತೆಯನ್ನು ಹೇಳುತ್ತದೆ. ಕೋನಿಗ್ಸ್‌ಬರ್ಗಿನ ಉಪಕರಣ ತಯಾರಕ ರೆಕಾಸ್ ಎಂಬವನು ೧೮೫೨ರಲ್ಲಿ ಅನೇಕ ಮಸೂರಗಳನ್ನು ಒಂದು ತಿರುಗುವ ಬಿಲ್ಲೆಯಲ್ಲಿ ಕೂಡಿಸಿಕೊಟ್ಟಮೇಲೆ ಈ ಕೆಲಸವು ಸುಲಭವಾಯಿತು. ಹೀಗೆ ರೋಗಿಯು ಮೂಕನಾಗಿರಲಿ, ಅಕ್ಷರ ಬಾರದ ಶಿಶುವಾಗಿರಲಿ, ಅವನ ಕಣ್ಣೇ ತನ್ನ ಸ್ಥಿತಿಯನ್ನು ವೈದ್ಯನಿಗೆ ನಿವೇದಿಸಿಕೊಳ್ಳುವಂತಾಯಿತು.

ಹೆಲ್ಮ್‌ಹೋಲ್ಟ್ಸನು ಇಷ್ಟಕ್ಕೇ ತೃಪ್ತನಾಗಲಿಲ್ಲ. ಕಣ್ಣನ್ನು ನೋಡಿದರೆ ಸಾಲದು, ಅಳೆಯಬೇಕು. ಆದರೆ ಬದುಕಿರುವ ಕಣ್ಣು ಒಂದು ನಿಮಿಷವೂ ಅಲುಗದೆ ನಿಲ್ಲದು. ಇದಕ್ಕಾಗಿ ಅವನು ಖಗೋಳಜ್ಞರ ಒಂದು ಯುಕ್ತಿಯನ್ನು ಬಳಸಿದನು. ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯದ ಮೇಲೆ ದೀಪದ ಪ್ರತಿಬಿಂಬವು ಬೀಳುತ್ತದೆ. ಎರಡು ಓರೆ ಗಾಜುಗಳ ಮೂಲಕ ನೋಡಿ ಆ ಬಿಂಬವನ್ನು ಎರಡಾಗಿ ಮಾಡಿದರೆ, ಕಣ್ಣು ಅಲುಗಿದಾಗ ಎರಡೂ ಬಿಂಬಗಳು ಜೊತೆಯಾಗಿಯೇ ಅಲುಗುತ್ತವೆ. ಅವುಗಳ ನಡುವಿನ ಅಂತರವು ಮಾತ್ರ ಬದಲಾಗದು. ಗಾಜುಗಳನ್ನು ಎಷ್ಟು ತಿರುಗಿಸಬೇಕಾಯಿತೆಂಬುದರಿಂದ ಬಿಂಬದ ಗಾತ್ರವನ್ನೂ ಅದರಿಂದ ಕಾರ್ನಿಯದ ಬಾಗುವಿಕೆಯನ್ನೂ ಗುಣಿಸಿ ತೆಗೆಯಬಹುದು. ಈ ನೇತ್ರಮಾಪಕದಿಂದ ಅವನು ಕಣ್ಣಿನ ಒಳಗಿನ ಮಸೂರವನ್ನೂ ಪರೀಕ್ಷಿಸಿದನು. ದೂರದ ವಸ್ತುವನ್ನು ನೋಡುವಾಗ ಸುಮಾರು ೩.೬ ಮಿಲಿಮೀಟರು ದಪ್ಪವಾಗಿರುವ ಮಸೂರವು ಹತ್ತಿರದ ಪುಸ್ತಕವನ್ನು ಓದುವಾಗ ಸುಮಾರು ೪ ಮಿಲಿಮೀಟರಿನಷ್ಟು ದಪ್ಪವಾಗುತ್ತದೆ ಎಂಬುದು ಅವನ ಲೆಕ್ಕ. ಒಳಗಿನ ಸ್ನಾಯುವು ಬಿಗಿಯಾದಾಗ ಮಸೂರವನ್ನು ಎಳೆದು ಹಿಡಿದ ಎಳೆಗಳು ಸಡಿಲಾಗಿ ಅದು ಉಬ್ಬುವುದೆಂದು ೧೮೫೫ರಲ್ಲಿ ವಿವರಿಸಿದನು. ಬದುಕಿರುವ ಕಣ್ಣಿನ ಒಂದು ಅಂಗದ ದಪ್ಪವನ್ನು, ಅದನ್ನು ಮುಟ್ಟದೆಯೇ, ಬರಿಯ ಬೆಳಕಿನಿಂದ ಅಳೆಯುವ ವಿದ್ಯೆಗೆ ಹೀಗೆ ದಾರಿಯಾಯಿತು.

ಈ ಬುನಾದಿಯ ಮೇಲೆ ಇತರರು ಕಟ್ಟಿದರು. ಸಮೀಪದೃಷ್ಟಿಯುಳ್ಳವರ ಕಣ್ಣುಗುಡ್ಡೆಯು ಹಿಂದಕ್ಕೆ ನೀಳವಾಗಿ ಬೆಳೆದಿರುತ್ತದೆಂದು ಆರ್ಲ್ಟ್ ಎಂಬ ವೈದ್ಯನು ಸತ್ತವರ ಕಣ್ಣುಗಳನ್ನು ಪರೀಕ್ಷಿಸಿ ತೋರಿಸಿದನು. ಡೊಂಡರ್ಸನು ೧೮೬೪ರ ತನ್ನ ದೊಡ್ಡ ಗ್ರಂಥದಲ್ಲಿ ಆ ಶಾಸ್ತ್ರಕ್ಕೆ ಒಂದು ಕ್ರಮವನ್ನು ತಂದನು. ದೊಡ್ಡವರ ಕಣ್ಣಿನ ಉದ್ದವು ಸುಮಾರು ೨೪ ಮಿಲಿಮೀಟರು. ಅದು ಒಂದೇ ಮಿಲಿಮೀಟರು ಹೆಚ್ಚಿದರೂ ಕನ್ನಡಕದ ನಂಬರು ಎರಡೂವರೆ ಮೂರರಷ್ಟು ಏರುತ್ತದೆ. ದೂರದ ವಸ್ತುವಿನ ಬಿಂಬವು ಅಕ್ಷಿಪಟಲದ ಮೇಲೆ ಬೀಳದೆ ಅದರ ಮುಂದೆಯೇ ಮೂಡಿಬಿಡುವುದರಿಂದ ಎಲ್ಲವೂ ಮಸುಕಾಗುತ್ತದೆ. ೧೮೬೭ರಲ್ಲಿ ಬ್ರೆಸ್ಲೌ ನಗರದ ಹರ್ಮನ್ ಕೋನ್ ಎಂಬ ವೈದ್ಯನು ೧೦,೦೬೦ ಶಾಲಾಮಕ್ಕಳ ಕಣ್ಣುಗಳನ್ನು ಪರೀಕ್ಷಿಸಿದ ವರದಿಯನ್ನು ಪ್ರಕಟಿಸಿದನು. ಹಳ್ಳಿಯ ಶಾಲೆಗಳಲ್ಲಿ ಸಮೀಪದೃಷ್ಟಿಯವರು ಬಹು ವಿರಳ. ಮೇಲಿನ ಶಾಲೆಗಳಿಗೆ ಹೋದಂತೆ, ಮೇಲಿನ ತರಗತಿಗಳಿಗೆ ಏರಿದಂತೆ ಅವರ ಸಂಖ್ಯೆಯೂ ಏರುತ್ತಿತ್ತು.

ಹೆಲ್ಮ್‌ಹೋಲ್ಟ್ಸನ ಜೀವನದಲ್ಲಿ ದುಃಖವೂ ಕಡಿಮೆಯಾಗಿರಲಿಲ್ಲ. ಕೋನಿಗ್ಸ್‌ಬರ್ಗಿನ ಶೀತ ಹವೆಯು ಓಲ್ಗಾಳ ಆರೋಗ್ಯಕ್ಕೆ ಒಗ್ಗಲಿಲ್ಲ. ಅವಳಿಗಾಗಿಯೇ ಅವನು ೧೮೫೫ರಲ್ಲಿ ಬಾನ್ ನಗರಕ್ಕೆ ವರ್ಗ ಮಾಡಿಸಿಕೊಂಡನು. ೧೮೫೮ರಲ್ಲಿ ಹೈಡೆಲ್‌ಬರ್ಗಿಗೆ ಹೋದನು. ೧೮೫೯ರ ನಡುವಿನಲ್ಲಿ ತಂದೆಯು ತೀರಿಕೊಂಡನು. ಅದೇ ವರ್ಷದ ಕೊನೆಯಲ್ಲಿ ಓಲ್ಗಾಳೂ ಎರಡು ಎಳೆಯ ಮಕ್ಕಳನ್ನು ಬಿಟ್ಟು ಕಣ್ಮುಚ್ಚಿದಳು. ಪರರ ಕಣ್ಣಿಗೆ ಬೆಳಕು ತಂದವನ ಮನೆಯಲ್ಲಿ ಕತ್ತಲೆ ಕವಿಯಿತು. ಆದರೂ ಅವನು ಕೆಲಸವನ್ನು ನಿಲ್ಲಿಸಲಿಲ್ಲ. ೧೮೬೧ರಲ್ಲಿ ಆನಾ ಎಂಬ ವಿದುಷಿಯನ್ನು ಮದುವೆಯಾಗಿ ಮನೆಯನ್ನು ಮತ್ತೆ ಕಟ್ಟಿಕೊಂಡನು. ದೃಷ್ಟಿಯ ಬಗೆಗಿನ ಅವನ ಮಹಾಗ್ರಂಥವು ೧೮೫೬, ೧೮೬೦, ೧೮೬೬ ಈ ಇಸವಿಗಳಲ್ಲಿ ಮೂರು ಭಾಗಗಳಾಗಿ ಹೊರಬಂದಿತು. ನಡುವೆ ೧೮೬೩ರಲ್ಲಿ ಸಂಗೀತದ ಸ್ವರಗಳನ್ನು ಕುರಿತ ಮತ್ತೊಂದು ಗ್ರಂಥವೂ ಪ್ರಕಟವಾಯಿತು.

೧೮೭೧ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯವು ಅವನನ್ನು ಭೌತಶಾಸ್ತ್ರದ ಪ್ರಾಧ್ಯಾಪಕನನ್ನಾಗಿ ಕರೆಯಿತು. ಹದಿನೇಳನೆಯ ವಯಸ್ಸಿನಲ್ಲಿ ಬಡತನದಿಂದ ಬಿಟ್ಟುಕೊಟ್ಟ ವಿಷಯವು ಐವತ್ತನೆಯ ವಯಸ್ಸಿನಲ್ಲಿ ತಾನಾಗಿಯೇ ಅವನ ಬಳಿಗೆ ಬಂದಿತು. ವಿದ್ಯುತ್ತಿನ ಅಲೆಗಳನ್ನು ಪ್ರಯೋಗದಿಂದ ತೋರಿಸಿಕೊಟ್ಟ ಹರ್ಟ್ಸ್ ಅವನ ಶಿಷ್ಯ. ಅಮೆರಿಕದ ತರುಣ ಮೈಕೆಲ್ಸನ್ ಅವನ ಪ್ರಯೋಗಶಾಲೆಗೆ ಬಂದು, ಬೆಳಕಿನ ಒಂದು ಕಿರಣವನ್ನು ಎರಡಾಗಿ ಸೀಳಿ ಮತ್ತೆ ಕೂಡಿಸುವ ಸೂಕ್ಷ್ಮ ಉಪಕರಣವನ್ನು ನಿಲ್ಲಿಸಿದನು. ಬರ್ಲಿನ್ನಿನ ಗಾಡಿಗಳ ಓಡಾಟದಿಂದ ಉಪಕರಣವು ನಡುಗುತ್ತಿದ್ದುದರಿಂದ ೧೮೮೧ರಲ್ಲಿ ಅದನ್ನು ಹೆಲ್ಮ್‌ಹೋಲ್ಟ್ಸನ ಹುಟ್ಟೂರಾದ ಪಾಟ್ಸ್‌ಡಾಮಿನ ವೀಕ್ಷಣಾಲಯಕ್ಕೆ ಒಯ್ಯಬೇಕಾಯಿತು. ಇದಕ್ಕೂ ಕಣ್ಣಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವು ನೂರ ಹತ್ತು ವರ್ಷಗಳ ಬಳಿಕ ತಿಳಿಯಿತು.

೧೯೯೧ರಲ್ಲಿ ಅಮೆರಿಕದ ಸಂಶೋಧಕರು ಮೈಕೆಲ್ಸನ್ನನ ತತ್ತ್ವವನ್ನೇ ಬಳಸಿ ಕಣ್ಣಿನ ಪದರಗಳನ್ನು ಚಿತ್ರಿಸುವ ಯಂತ್ರವನ್ನು ಪ್ರಕಟಪಡಿಸಿದರು. ಇಂದು ಕಣ್ಣಿನ ಆಸ್ಪತ್ರೆಗಳಲ್ಲಿ ಓಸಿಟಿ ಎಂದು ಕರೆಯುವುದು ಇದನ್ನೇ. ಬೆಳಕಿನ ಒಂದು ಪಾಲು ಕಣ್ಣಿನೊಳಗೆ, ಇನ್ನೊಂದು ಪಾಲು ಕನ್ನಡಿಯ ಕಡೆಗೆ ಹೋಗುತ್ತದೆ. ಹಿಂದಿರುಗಿದ ಎರಡೂ ಪಾಲುಗಳು ಕೂಡಿದಾಗ, ಕಣ್ಣಿನ ಯಾವ ಪದರವು ಎಷ್ಟು ಆಳದಲ್ಲಿದೆಯೆಂಬುದು ಗೊತ್ತಾಗುತ್ತದೆ. ೨೦೦೮ರಿಂದ ಈಚೆಗೆ ಅಕ್ಷಿಪಟಲದ ಹಿಂದಿರುವ ಕೊರಾಯ್ಡ್ ಎಂಬ ರಕ್ತನಾಳಗಳ ಪದರವನ್ನೂ ಹೀಗೆ ಅಳೆಯುವುದು ಸಾಧ್ಯವಾಗಿದೆ. ಆರೋಗ್ಯವಂತರ ದೃಷ್ಟಿಕೇಂದ್ರದ ಹಿಂದೆ ಇದು ಸುಮಾರು ಕಾಲು ಮಿಲಿಮೀಟರು, ಅಥವಾ ಅದಕ್ಕೆ ಸ್ವಲ್ಪ ಹೆಚ್ಚು ದಪ್ಪವಾಗಿರುತ್ತದೆ. ತೀವ್ರ ಸಮೀಪದೃಷ್ಟಿಯವರಲ್ಲಿ ಹಲವು ವೇಳೆ ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕೂ ಇಳಿದಿರುತ್ತದೆ. ಚಪಾತಿಯ ಹಿಟ್ಟಿನ ಉಂಡೆಯನ್ನು ಲಟ್ಟಿಸಿದಷ್ಟೂ ಅದು ತೆಳುವಾಗುವಂತೆ, ಕಣ್ಣು ನೀಳವಾದಷ್ಟೂ ಅದರ ಹಿಂಭಾಗದ ಪದರಗಳು ತೆಳುವಾಗುತ್ತವೆ. ಮುಂಭಾಗದ ಕಾರ್ನಿಯವಾದರೋ ಸುಮಾರು ಅರ್ಧ ಮಿಲಿಮೀಟರಿನ ತನ್ನ ದಪ್ಪವನ್ನು ಬಹುಮಟ್ಟಿಗೆ ಉಳಿಸಿಕೊಳ್ಳುತ್ತದೆ. ತೆಳುವಾದ ಕೊರಾಯ್ಡಿನಿಂದ ಅಕ್ಷಿಪಟಲದ ಪೋಷಣೆಯು ಕುಂದಬಹುದು. ನಡುವಯಸ್ಸಿನ ಮೇಲೆ ದೃಷ್ಟಿಯೇ ನಶಿಸುವ ಅಪಾಯವೂ ಉಂಟು. ಆದುದರಿಂದ ಹೆಚ್ಚು ನಂಬರಿನ ಕನ್ನಡಕವುಳ್ಳವರು ಕನ್ನಡಕವು ದೊರೆಯಿತೆಂದು ಸುಮ್ಮನಿರದೆ ಆಗಾಗ ಕಣ್ಣಿನ ಹಿಂಭಾಗವನ್ನೂ ಪರೀಕ್ಷಿಸಿಕೊಳ್ಳಬೇಕು.

ಹೆಲ್ಮ್‌ಹೋಲ್ಟ್ಸನು ಈ ಯಂತ್ರವನ್ನು ಕಾಣಲಿಲ್ಲ. ೧೮೮೩ರಲ್ಲಿ ಅವನಿಗೆ ಕುಲೀನ ಪದವಿಯೂ, ೧೮೮೬ರಲ್ಲಿ ನೇತ್ರವೈದ್ಯರ ಸಂಘದಿಂದ ಮೊದಲ ಗ್ರೇಫೆ ಪದಕವೂ ದೊರೆತವು. ೧೮೮೮ರಲ್ಲಿ, ಅಳತೆಗಳ ಶುದ್ಧಿಗೆಂದೇ ಸ್ಥಾಪಿತವಾದ ರಾಷ್ಟ್ರೀಯ ಪ್ರಯೋಗಾಲಯದ ಮೊದಲ ಅಧ್ಯಕ್ಷನಾದನು. ಮರುವರ್ಷವೇ ಭೌತವಿಜ್ಞಾನಿಯಾಗಿ ಬೆಳೆಯುತ್ತಿದ್ದ ಮಗ ರಾಬರ್ಟನನ್ನು ಕಳೆದುಕೊಂಡನು. ೧೮೯೩ರಲ್ಲಿ ಅಮೆರಿಕದಿಂದ ಹಿಂದಿರುಗುವಾಗ ಹಡಗಿನಲ್ಲಿ ಬಿದ್ದು ಪೆಟ್ಟು ಮಾಡಿಕೊಂಡನು. ೧೮೯೪ರ ಸೆಪ್ಟೆಂಬರ್ ೮ರಂದು ಎಪ್ಪತ್ತಮೂರು ವರ್ಷಗಳ ಸಾರ್ಥಕ ಜೀವನವು ಮುಗಿಯಿತು.

ಈ ಜೀವನದಿಂದ ನಾವು ಕಲಿಯಬೇಕಾದುದು ಏನು? ಬಾಯಿಪಾಠದಲ್ಲಿ ಹಿಂದುಳಿದವನೆಲ್ಲ ದಡ್ಡನಲ್ಲ ಎಂಬುದು ಒಂದು. ಶಾಲೆಯ ಸಾಮಾನ್ಯ ಪಾಠವೂ, ಸರಿಯಾದ ಪ್ರಶ್ನೆಯನ್ನು ಕೇಳಿಕೊಂಡವನ ಕೈಯಲ್ಲಿ, ಲೋಕೋಪಕಾರಿಯಾಗಬಲ್ಲುದು ಎಂಬುದು ಇನ್ನೊಂದು. ಮೂರನೆಯದೂ ಒಂದುಂಟು. ಒಳ್ಳೆಯ ವಿಚಾರಗಳು ತನಗೆ ಮೇಜಿನ ಮುಂದೆ ಕುಳಿತಾಗ ಬರುತ್ತಿರಲಿಲ್ಲ, ಬಿಸಿಲಿನ ದಿನ ಕಾಡಿನ ಗುಡ್ಡಗಳನ್ನು ಮೆಲ್ಲನೆ ಹತ್ತುವಾಗ ಬರುತ್ತಿದ್ದವು ಎಂದು ಅವನು ಮುಪ್ಪಿನಲ್ಲಿ ನೆನೆದುಕೊಂಡಿದ್ದನು. ಬಯಲಿನ ಬೆಳಕು ಕಣ್ಣಿಗೂ ಹಿತವೆಂದು ಈಗಿನ ವಿಜ್ಞಾನವು ಹೇಳುತ್ತಿದೆ. ಚೀನದ ಗ್ವಾಂಗ್‌ಜೌ ನಗರದ ೧೨ ಶಾಲೆಗಳಲ್ಲಿ ನಡೆದು ೨೦೧೫ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ದಿನಕ್ಕೆ ೪೦ ನಿಮಿಷ ಹೆಚ್ಚಾಗಿ ಹೊರಗೆ ಕಳೆದ ಮಕ್ಕಳಲ್ಲಿ ಮೂರು ವರ್ಷಗಳೊಳಗೆ ನೂರಕ್ಕೆ ಸುಮಾರು ೩೦ ಮಂದಿಗೆ ಸಮೀಪದೃಷ್ಟಿ ಬಂದಿತು. ಉಳಿದ ಮಕ್ಕಳಲ್ಲಿ ನೂರಕ್ಕೆ ಸುಮಾರು ೪೦ ಮಂದಿಗೆ ಬಂದಿತು. ಆಟದ ಗಂಟೆಯನ್ನು ಕಸಿದು ಪಾಠಕ್ಕೆ ಕೊಡುವ ಹಿರಿಯರು ಈ ಅಂಕೆಗಳನ್ನು ನೋಡಬೇಕು.

ಸ್ವಾರಗೇಟದ ಫಲಕವು ಮಸುಕಾಗಿ ಕಂಡ ಹುಡುಗನು ನಮ್ಮ ನಡುವೆಯೇ ಇದ್ದಾನೆ. ಅವನು ನಾಚದೆ ಅದನ್ನು ಮನೆಯಲ್ಲಿ ಹೇಳಲಿ. ಗೆಳೆಯರು ಅವನ ಚಾಳೀಸನ್ನು ಕಂಡು ನಗದಿರಲಿ. ಉಪಾಧ್ಯಾಯರು ಅವನನ್ನು ಮುಂದಿನ ಬೆಂಚಿಗೆ ಕರೆಯಲಿ. ಕಣ್ಣಿನೊಳಗಣ ಕತ್ತಲೆಯನ್ನು ಕಳೆದ ಆ ಉಪಾಧ್ಯಾಯನ ಮಗನಿಗೆ ನಮ್ಮ ಶಾಲೆಯು ಸಲ್ಲಿಸಬಹುದಾದ ಗೌರವವು ಇದೇ.